ಗುಡ್ಡ ಬಿಟ್ಟು ಅಳೆದ ದಪ್ಪ

ಮನೆಯಿಂದ
ಭಾನುವಾರ, ಹನ್ನೊಂದನೇ ತಾರೀಕು

ಗುಡ್ಡಪ್ಪನಿಗೆ,

ಚೆನ್ನಾಗಿದ್ದೀಯಾ ಎಂದು ಕೇಳಿ ಕಾಗದ ಶುರುಮಾಡುವುದು ರೂಢಿ. ನಾನು ಕೇಳುವುದಿಲ್ಲ. ಶುಕ್ರವಾರ ಆ ಉದ್ದ ಮೇಜಿನ ಆಚೆ ನೀನು ಕೂತಿದ್ದನ್ನು ಮೂರು ಗಂಟೆ ನೋಡಿದ್ದೇನೆ. ಅಂಗಿಯ ಕಾಲರು ನಿನ್ನ ಕತ್ತಿನಿಂದ ಒಂದು ಬೆರಳು ದೂರ ನಿಂತಿತ್ತು. ಅಷ್ಟು ಸಂದು ಅಳೆಯುವುದಕ್ಕೆ ನನಗೆ ಉಪಕರಣ ಬೇಡ, ನನ್ನ ಕಸುಬೇ ಅದು. ನಾನೂ ಚೆನ್ನಾಗಿಲ್ಲ. ಸುಸ್ತು. ನಿದ್ದೆ ಮಾಡಿ ಎದ್ದರೂ ಸುಸ್ತು, ರಜೆ ಹಾಕಿ ಕೂತರೂ ಸುಸ್ತು. ನೀನು ಮನೆ ಬಿಟ್ಟು ಎಂಟು ತಿಂಗಳಾಯಿತು, ಅಷ್ಟೇ ಕಾಲದ ಸುಸ್ತು ಎಂದುಕೊಳ್ಳಬೇಡ. ಅದಕ್ಕೂ ಹಳೆಯದು.

ಫೋನು ತಯಾರಿಸಿಯೇ ಅನ್ನ ಉಂಡವರು ನಾವು, ಇದನ್ನು ಫೋನಿನಲ್ಲೇ ಕಳಿಸಬಹುದಿತ್ತು. ಕಳಿಸಿದರೆ ಏನು ಮಾಡುತ್ತೀಯ ಎಂದು ಗೊತ್ತು. ಎರಡು ಸಾಲು ನೋಡಿ ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿಬಿಡುತ್ತೀಯ. ಕಾಗದವನ್ನು ತಳ್ಳಲು ಬರುವುದಿಲ್ಲ. ನಿನ್ನ ಸ್ವೆಟರು, ಕಪಾಟಿನ ಮೇಲಿನ ಲೆನ್ಸಿನ ಪೆಟ್ಟಿಗೆ ಒಯ್ಯಲು ನಿಮ್ಮಕ್ಕ ಇವತ್ತು ನಾಲ್ಕು ಗಂಟೆಗೆ ಬರುತ್ತೇನೆ ಎಂದಿದ್ದಾರೆ. ಅವರ ಕೈಯಲ್ಲೇ ಇದನ್ನೂ ಕೊಡುತ್ತೇನೆ. ಹೇಗೂ ಅವರ ಮನೆಯ ಮೇಲಿನ ಕೋಣೆಯಲ್ಲೇ ಇದ್ದೀಯಲ್ಲ.

ಮಂಗಳವಾರ ಕಂಪನಿಯ ದೊಡ್ಡವರು ಶುಕ್ರವಾರದ ವಿಚಾರಣೆಯ ತೀರ್ಮಾನ ಹೇಳುತ್ತಾರೆ. ಏನು ಹೇಳುತ್ತಾರೆ ಎಂಬುದು ಇಡೀ ಮಹಡಿಗೆ ಗೊತ್ತು. ಅಂಗಡಿಗೆ ಹೋದ ಫೋನುಗಳನ್ನು ವಾಪಸ್ಸು ತರಿಸಿಕೊಂಡದ್ದಕ್ಕೆ ಒಂದು ತಲೆ ಬೇಕು, ಅದು ಕ್ಯಾಮೆರಾ ವಿಭಾಗದ ತಲೆ. ಅಂದರೆ ನಿನ್ನದು. ಹದಿನಾಲ್ಕು ವರ್ಷ ಲೆನ್ಸು ಬಿಟ್ಟು ಬೇರೆ ಏನನ್ನೂ ಕಣ್ಣೆತ್ತಿ ನೋಡದವನನ್ನು ಈ ಕೆಟ್ಟ ಹೆಸರಿನ ಜತೆ ಇನ್ನಾವ ಕಂಪನಿಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆ ತಪ್ಪು ನಿನ್ನದಲ್ಲ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಆದರೆ ಶುಕ್ರವಾರ ನಾವಿಬ್ಬರೂ ಬಾಯಿ ಬಿಡಲಿಲ್ಲ. ನೀನು ಯಾಕೆ ಬಿಡಲಿಲ್ಲ ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ನಾನು ಯಾಕೆ ಬಿಡಲಿಲ್ಲ ಎಂದು ಹೇಳಲು ಈ ಕಾಗದ.

ನಿಮ್ಮಕ್ಕ ಹೋದ ತಿಂಗಳು ಬಂದಿದ್ದಾಗ ನಮ್ಮ ಹೊಸ ಫೋನನ್ನು ಊಟದ ಮೇಜಿನ ಮೇಲಿಟ್ಟು ಒತ್ತಿ ನೋಡಿದರು. ಅದು ಕುಂಟು ಸ್ಟೂಲಿನ ಹಾಗೆ ಲಟಕ್ ಲಟಕ್ ಎಂದು ಅಲ್ಲಾಡಿತು. ‘ಇಷ್ಟು ಓದಿದೋರು ಸೇರ್ಕೊಂಡು ಒಂದು ಸಮತಟ್ಟಾದ ಫೋನ್ ಮಾಡೋಕಾಗಲ್ವಾ’ ಎಂದು ಕೇಳಿದರು. ನನಗೆ ನಗು ಬಂತು. ಕೂರಿಸಿ ಹೇಳಿದೆ. ಸಿನಿಮಾ ಮಂದಿರದಲ್ಲಿ ಪರದೆ ದೊಡ್ಡದಾದರೆ ಚಿತ್ರ ಬಿಡುವ ಯಂತ್ರ ಹಿಂದೆ ಸರಿಯಬೇಕು, ಇಲ್ಲದಿದ್ದರೆ ಪರದೆ ತುಂಬುವುದಿಲ್ಲ. ಫೋನಿನ ಕ್ಯಾಮೆರಾದ ಒಳಗೂ ಹಾಗೇ. ಬೆಳಕು ಬೀಳುವ ಸೆನ್ಸರು ಒಂದು ಪುಟ್ಟ ಪರದೆ. ಅದು ದೊಡ್ಡದಾದಷ್ಟೂ ಕತ್ತಲಲ್ಲಿ ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಲೆನ್ಸು ಅಷ್ಟಷ್ಟೇ ದೂರ ನಿಲ್ಲಬೇಕು. ಒಂದರ ಮೇಲೊಂದು ಏಳೆಂಟು ಲೆನ್ಸು, ಕೈ ನಡುಗಿದರೆ ಸರಿಮಾಡುವ ಯಂತ್ರ, ಮೇಲೆ ಮುಚ್ಚುವ ಗಾಜು. ಎಲ್ಲಾ ಸೇರಿ ಹನ್ನೊಂದೂವರೆ ಮಿಲಿಮೀಟರು. ಜನಕ್ಕೆ ಬೇಕಾದ ಫೋನು ಏಳೂಮುಕ್ಕಾಲು. ಉಳಿದದ್ದು ಎಲ್ಲಿಗೆ ಹೋಗಬೇಕು? ಬೆನ್ನಿನಿಂದ ಆಚೆಗೆ. ಅದೇ ಗುಡ್ಡ. ‘ಹಂಗಾದ್ರೆ ಫೋನನ್ನೇ ಹನ್ನೊಂದೂವರೆ ಮಾಡಿ, ಒಳಗೆ ದೊಡ್ಡ ಬ್ಯಾಟರಿ ಹಾಕಿ’ ಎಂದರು ಅಕ್ಕ. ನಮ್ಮ ಕಂಪನಿಯಲ್ಲಿ ಹತ್ತು ವರ್ಷದಲ್ಲಿ ಯಾರೂ ಆಡದ ಬುದ್ಧಿಯ ಮಾತು ಅದು. ಅವರನ್ನೇ ದೊಡ್ಡವರ ಕುರ್ಚಿಯಲ್ಲಿ ಕೂರಿಸಬೇಕು.

ದಪ್ಪ ಎಷ್ಟು ಅಂತ ಪೆಟ್ಟಿಗೆ ಮೇಲೆ ಹಾಕಿದ್ದೀರಿ, ಅದು ಗುಡ್ಡ ಸೇರಿಯೋ ಬಿಟ್ಟೋ ಎಂದೂ ಕೇಳಿದರು. ಬಿಟ್ಟು ಅಂದೆ. ನಮ್ಮ ಕಸುಬಿನಲ್ಲಿ ಎಲ್ಲರೂ ಗುಡ್ಡ ಬಿಟ್ಟೇ ಅಳೆಯುತ್ತಾರೆ, ಎಲ್ಲರೂ ಆಡುವ ಸುಳ್ಳಾದ್ದರಿಂದ ಅದನ್ನು ಸುಳ್ಳು ಎನ್ನುವುದಿಲ್ಲ ಎಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ನಿನ್ನ ಸುದ್ದಿ ತೆಗೆಯಲಿಲ್ಲ.

ನಮ್ಮ ಮೊದಲ ಜಗಳ ನೆನಪಿದೆಯಾ? ಸೊನ್ನೆ ಪಾಯಿಂಟ್ ಮೂರು ಮಿಲಿಮೀಟರಿಗೆ. ಮೂರು ಹಾಳೆ ಕಾಗದದ ದಪ್ಪ. ನಾನು ಕವಚದ ವಿಭಾಗಕ್ಕೆ ಹೊಸಬಳು, ದಪ್ಪದ ಕಾವಲುಗಾರ್ತಿ. ಪರದೆಗೆ ಇಷ್ಟು, ಬ್ಯಾಟರಿಗೆ ಇಷ್ಟು, ಅದು ಉಬ್ಬಿದರೆ ಇರಲಿ ಎಂದು ಬಿಡುವ ಸಂದು ಇಷ್ಟು ಎಂದು ಹಂಚಿ ಕೊಡುವವಳು. ನೀನು ಹನ್ನೊಂದು ದಿನ ಬಿಡದೆ ನನ್ನ ಮೇಜಿಗೆ ಬಂದೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದು ನಾನು ಅಂದರೆ, ಕಾಲು ಬೆಳೀತಿದೆ ಮೇಡಂ, ಹಾಸಿಗೆ ಉದ್ದ ಮಾಡಿ ಎಂದೆ. ಕೊನೆಗೆ ಫೋನಿನ ಬೆನ್ನಿಗೆ ಒಂದು ದಿಬ್ಬ ಎಬ್ಬಿಸಿಕೊಂಡು ಹೋದೆ. ಅವತ್ತು ನಾನು ನಿನಗೆ ಗುಡ್ಡಪ್ಪ ಎಂದು ಹೆಸರಿಟ್ಟೆ, ನೀನು ನನಗೆ ಮಿಲಿಮೀಟರಮ್ಮ ಎಂದಿಟ್ಟೆ. ಆಮೇಲೆ ಆಫೀಸಿನವರು ನಮ್ಮ ಮದುವೆಗೆ ಕೊಟ್ಟ ಶುಭಾಶಯದ ಕಾರ್ಡಿನಲ್ಲೂ ಅವೇ ಎರಡು ಹೆಸರು ಇದ್ದವು. ನಮ್ಮಮ್ಮ ಗಾಬರಿಬಿದ್ದು, ಇವರು ಯಾರ ಮದುವೆಗೆ ಬಂದಿದ್ದಾರೆ ವಿಚಾರಿಸು ಎಂದಿದ್ದಳು.

ಆಮೇಲೆ ವರ್ಷ ವರ್ಷವೂ ನಿನ್ನ ಗುಡ್ಡ ಬೆಳೆಯಿತು. ಒಂದು ಕಣ್ಣು ಎರಡಾಯಿತು, ಮೂರಾಯಿತು. ಹೆಡ್‌ಫೋನಿನ ತೂತು ಹೋಯಿತು, ಬ್ಯಾಟರಿಯ ಒಂದು ಮೂಲೆ ಹೋಯಿತು. ಎಲ್ಲಾ ನಿನ್ನ ಕಣ್ಣುಗಳಿಗೆ ಜಾಗ ಬಿಟ್ಟುಕೊಡಲು. ನಾನು ಉಳಿದ ಕಡೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಕೆರೆದು ತೆಳ್ಳಗೆ ಮಾಡುತ್ತಿದ್ದೆ. ಜನ ಅಂಗಡಿಯಲ್ಲೇ ಅದಕ್ಕೆ ಗುಡ್ಡದಷ್ಟೇ ದಪ್ಪದ ರಬ್ಬರಿನ ಅಂಗಿ ತೊಡಿಸಿ ಮನೆಗೆ ಒಯ್ಯುತ್ತಿದ್ದರು. ಎರಡು ವರ್ಷದ ನನ್ನ ಬೆವರು ಐದು ನಿಮಿಷದಲ್ಲಿ ಮುಚ್ಚಿಹೋಗುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದು ನಮ್ಮಿಬ್ಬರ ವಿಭಾಗಗಳನ್ನು ನೋಡಿಯೇ ಹುಟ್ಟಿದ ಗಾದೆ ಎಂದು ನೀನು ತಮಾಷೆ ಮಾಡುತ್ತಿದ್ದೆ. ಎತ್ತು ಯಾರು, ಕೋಣ ಯಾರು ಎಂದು ನಾನು ಕೇಳಿದರೆ ಜಾಣತನದಿಂದ ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಆಗ ನಗುತ್ತಿದ್ದೆವು.

ನಮ್ಮ ಮದುವೆಯಿಂದ ಹೆಚ್ಚು ಲಾಭವಾದದ್ದು ಕಂಪನಿಗೆ. ಕ್ಯಾಮೆರಾದ ತೂಕವೋ ಅಳತೆಯೋ ಬದಲಾದರೆ ನಿಮ್ಮ ವಿಭಾಗ ನಮ್ಮ ವಿಭಾಗಕ್ಕೆ ಬದಲಾವಣೆ ಚೀಟಿ ಕಳಿಸಬೇಕು, ಮೂರು ಜನ ಸಹಿ ಹಾಕಬೇಕು, ಅದು ಬಂದು ಮುಟ್ಟಲು ಒಂದು ವಾರ. ನಾವು ಮದುವೆಯಾದ ಮೇಲೆ ಚೀಟಿಯ ಗೋಜೇ ಇಲ್ಲ. ‘ಅದಕ್ಕೇನು ಚೀಟಿ ಗೀಟಿ, ಊಟಕ್ಕೆ ಕೂತಾಗ ಹೇಳ್ಬಿಡಿ’ ಎಂದು ದೊಡ್ಡವರೇ ಅನ್ನುತ್ತಿದ್ದರು. ನಾವೂ ಹಾಗೇ ಮಾಡಿದೆವು. ಆರು ಮಾಡೆಲ್ಲುಗಳ ತೂಕ, ಅಳತೆ, ಸ್ಕ್ರೂವಿನ ಜಾಗ ಎಲ್ಲಾ ದಾಟಿದ್ದು ನಮ್ಮ ಊಟದ ಮೇಜಿನ ಮೇಲೆ. ಒಂದು ದಿನವೂ ತಪ್ಪಾಗಲಿಲ್ಲ. ನನ್ನ ವರದಿ ನಿನ್ನ ಬಳಿ ಬಂದರೆ ನೀನು ಓದುತ್ತಲೂ ಇರಲಿಲ್ಲ, ನನ್ನ ಸಹಿಯ ಕೆಳಗೆ ನಿನ್ನ ಸಹಿ ಎಳೆದುಬಿಡುತ್ತಿದ್ದೆ. ಒಮ್ಮೆ ನೋಡಿಯಾದರೂ ಹಾಕು ಎಂದರೆ, ‘ನೀನು ಓದಿದ್ದೀಯಲ್ಲ’ ಎನ್ನುತ್ತಿದ್ದೆ. ಮೊದಮೊದಲು ಆ ಮಾತು ಕೇಳಿದರೆ ನನಗೆ ಹೆಮ್ಮೆಯಾಗುತ್ತಿತ್ತು.

ಆಸ್ಪತ್ರೆಯಲ್ಲೂ ನೀನು ಅದನ್ನೇ ಅಂದೆ. ಅದನ್ನು ಈಗ ಎತ್ತುವುದು ಸರಿಯೋ ತಪ್ಪೋ ಗೊತ್ತಿಲ್ಲ, ಒಂದೂವರೆ ವರ್ಷವಾಯಿತು. ಡಾಕ್ಟರು ಎಲ್ಲಾ ಬಿಡಿಸಿ ಹೇಳುವ ಹೊತ್ತಿಗೆ ನಿನಗೆ ಫೋನು ಬಂತು, ಯಾವುದೋ ಲೆನ್ಸಿನಲ್ಲಿ ಗುಳ್ಳೆ ಕಂಡಿದೆ ಎಂದು. ನೀನು ಕಾರಿಡಾರಿಗೆ ಹೋದೆ. ವಾಪಸ್ಸು ಬಂದಾಗ ನರ್ಸು ಒಪ್ಪಿಗೆಯ ಕಾಗದ ಹಿಡಿದುಕೊಂಡು ನಿಂತಿದ್ದಳು. ಓದಿ ಹಾಕು ಎಂದು ಹಾಸಿಗೆಯಿಂದಲೇ ಹೇಳಿದೆ. ‘ನೀನು ಓದಿದ್ದೀಯಲ್ಲ’ ಎಂದು ಸಹಿ ಹಾಕಿ ನನ್ನ ಹಣೆ ಸವರಿದೆ. ಮನೆಗೆ ಬಂದ ನಾಲ್ಕನೇ ದಿನ ನನಗೆ ಬ್ರೆಡ್ಡು ಹಾಲು ತಂದುಕೊಟ್ಟು, ಗಡ್ಡೆ ಹೋಯ್ತಲ್ಲ, ಇನ್ನೊಂದು ವರ್ಷ ಬಿಟ್ಟು ಮಗುವಿನ ಯೋಚನೆ ಮಾಡೋಣ ಎಂದೆ. ತೆಗೆದದ್ದು ಗಡ್ಡೆ ಮಾತ್ರವಲ್ಲ, ಗರ್ಭಕೋಶವನ್ನೇ ಎಂದು ನಾನು ನಿನಗೆ ಹೇಳಬೇಕಾಯಿತು. ನಿನ್ನ ಸಹಿ ಇದ್ದ ಕಾಗದದಲ್ಲಿ ಮೂರನೇ ಸಾಲಿನಲ್ಲಿ ಅದು ಇತ್ತು. ನೀನು ಅತ್ತೆ. ನಿನ್ನನ್ನು ಸಮಾಧಾನ ಮಾಡುವ ಕೆಲಸವೂ ನನಗೇ ಬಿತ್ತು. ಅದಕ್ಕೆ ನಾನು ಕೋಪಿಸಿಕೊಂಡಿಲ್ಲ. ಕೋಪ ಮಾಡಿಕೊಳ್ಳಲು ಶಕ್ತಿ ಬೇಕು.

ಆಮೇಲೆ ನಮ್ಮ ಮನೆಯಲ್ಲಿ ಮಾತು ಸವೆಯಿತು. ಆಫೀಸಿನಲ್ಲಿ ‘ನೀವು’, ಮನೆಯಲ್ಲಿ ‘ನೀನು’ ಎಂದುಕೊಂಡಿದ್ದವರು, ಕೊನೆಕೊನೆಗೆ ಮನೆಯಲ್ಲೂ ‘ಉಪ್ಪು ಕೊಡ್ತೀರಾ’ ಎನ್ನುವಂತಾಯಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಾವು ಜಗಳವನ್ನೇ ಆಡಲಿಲ್ಲ, ಉಣ್ಣುವುದು ಮಲಗುವುದು ಮಾತ್ರ ನಡೆಯುತ್ತಿತ್ತು. ಆದರೆ ತೂಕ, ಅಳತೆಯ ಮಾತು ಮಾತ್ರ ನಿಲ್ಲಲಿಲ್ಲ. ಇಬ್ಬರೂ ತಟ್ಟೆ ನೋಡಿಕೊಂಡು ಮಿಲಿಮೀಟರುಗಳನ್ನು ದಾಟಿಸುತ್ತಿದ್ದೆವು. ಬೇರೆಯವರಿಗೆ ಮಕ್ಕಳಿರುತ್ತಾರೆ ಮಾತಾಡಲು ಎಂದು ಒಂದೊಂದು ಸಲ ಅನ್ನಿಸುತ್ತಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸಿ ಬರೆದೆ, ಬೈಯಬೇಡ.

ನೀನು ಮನೆ ಬಿಡುವುದಕ್ಕೆ ಒಂಬತ್ತು ದಿನ ಮೊದಲು, ಬುಧವಾರ, ಊಟಕ್ಕೆ ಕೂತಾಗ ಹೇಳಿದೆ. ‘ಹೊಸ ಮಾಡೆಲ್ಗೆ ಒಳಗಿನ ಒಂದು ಲೆನ್ಸು ಪ್ಲಾಸ್ಟಿಕ್ ಬದ್ಲು ಗಾಜಿಂದು ಹಾಕ್ತಿದೀವಿ, ಐದು ಗ್ರಾಂ ಜಾಸ್ತಿ ಆಗುತ್ತೆ, ನೋಡ್ಕೋ’ ಎಂದು. ನಾನು ಹ್ಞೂಂ ಎಂದೆ. ಅಂದರೆ ಒಂಬತ್ತು ಗ್ರಾಮಿನ ಕ್ಯಾಮೆರಾ ಹದಿನಾಲ್ಕು. ಫೋನಿನ ತಲೆಯ ಕಡೆ ಐದು ಗ್ರಾಂ ಎಂದರೆ ಸಣ್ಣದಲ್ಲ. ಕೈ ಜಾರಿದರೆ ಫೋನು ಗಾಳಿಯಲ್ಲೇ ತಿರುಗಿ ಗುಡ್ಡ ಕೆಳಗಾಗಿ ಬೀಳುತ್ತದೆ, ಎಲ್ಲಕ್ಕಿಂತ ಮೊದಲು ನೆಲ ತಾಗುವುದು ಅದೇ. ಹಾಗಾಗಿ ಬೆನ್ನಿನ ಗಾಜನ್ನು ಗುಡ್ಡದ ಸುತ್ತ ಗಟ್ಟಿಮಾಡಬೇಕು. ಅದು ನನ್ನ ಕೆಲಸ. ಆ ಮೇಲಿನ ಶುಕ್ರವಾರ ನಿನ್ನನ್ನು ಹೋಗು ಎಂದವಳು ನಾನೇ. ನೀನು ಒಂದು ಸೂಟ್‌ಕೇಸು ಹಿಡಿದು ಹೋದೆ. ಊಟದ ಮೇಜಿನ ದಾರಿ ಮುಚ್ಚಿತು. ಚೀಟಿಯ ದಾರಿಯನ್ನು ಯಾರೂ ತೆರೆಯಲಿಲ್ಲ. ನೀನು ಹೇಳಿ ಆಗಿತ್ತಲ್ಲ, ಮತ್ತೆ ಯಾಕೆ ಬರೆಯುತ್ತೀಯ.

ಮೂರು ವಾರದ ಮೇಲೆ ಬೀಳಿಸಿ ನೋಡುವ ಪರೀಕ್ಷೆ ಬಂತು. ನಿಮ್ಮ ನಿಜವಾದ ಕ್ಯಾಮೆರಾಗಳು ಇನ್ನೂ ಬಂದಿರಲಿಲ್ಲ. ಯಾವತ್ತು ಬಂದಿದ್ದವು? ರೂಢಿಯ ಪ್ರಕಾರ ಅವುಗಳ ಜಾಗದಲ್ಲಿ ಅಷ್ಟೇ ತೂಕದ ಹಿತ್ತಾಳೆ ತುಂಡು ಕೂರಿಸಿ ಬೀಳಿಸಬೇಕು. ಆ ತುಂಡುಗಳ ಡಬ್ಬಿ ನನ್ನ ಬೀರುವಿನಲ್ಲಿರುತ್ತದೆ. ನಾನು ಒಂಬತ್ತು ಗ್ರಾಮಿನ ಹಳೇ ಡಬ್ಬಿಯನ್ನೇ ಕೆಳಗೆ ಕಳಿಸಿದೆ. ಮರೆತಿದ್ದೆ. ಆ ದಿನಗಳಲ್ಲಿ ಬಸ್ಸಿನಲ್ಲಿ ಇಳಿಯುವ ಜಾಗವನ್ನೂ ಮರೆಯುತ್ತಿದ್ದೆ. ಪರೀಕ್ಷೆಯ ಕೋಣೆಯ ಬೀಳ್ಸಣ್ಣನನ್ನು ನಿನಗೆ ನಾನು ಪರಿಚಯ ಮಾಡಿಸಬೇಕಿಲ್ಲ. ಇಪ್ಪತ್ತು ವರ್ಷದಿಂದ ಫೋನುಗಳನ್ನು ಕಲ್ಲಿನ ಚಪ್ಪಡಿಯ ಮೇಲೆ ಎತ್ತಿ ಹಾಕಿ ಸಂಬಳ ತೆಗೆದುಕೊಳ್ಳುವ ಪುಣ್ಯಾತ್ಮ. ಅವನು ಒಂದನ್ನು ಅಂಗೈಯಲ್ಲಿ ತೂಗಿ ನನ್ನ ಕಡೆ ತಿರುಗಿ ಏನೋ ಅಂದ. ಯಂತ್ರದ ಸದ್ದಿಗೆ ಕೇಳಿಸಲಿಲ್ಲ. ಇಪ್ಪತ್ತಾರು ಸಲ ಬಿದ್ದರೂ ಒಂದಕ್ಕೂ ಗೀರಾಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ವರದಿ ಬರೆದು ನಿನ್ನ ಮಹಡಿಗೆ ಕಳಿಸಿದೆ. ಕ್ಯಾಮೆರಾ ತುಂಡಿನ ತೂಕ ಒಂಬತ್ತು ಗ್ರಾಂ ಎಂದು ಅದರಲ್ಲೇ ಇತ್ತು. ನೀನು ಸಹಿ ಹಾಕಿದೆ. ಮನೆ ಬಿಟ್ಟ ಮೇಲೂ ನನ್ನ ಸಹಿಯನ್ನು ನಂಬುವುದು ಬಿಟ್ಟಿರಲಿಲ್ಲ ನೀನು.

ಮುಂದಿನದು ನಿನಗೆ ಗೊತ್ತು. ಫೋನು ಅಂಗಡಿಗೆ ಹೋಯಿತು, ಹದಿನೈದೇ ದಿನಕ್ಕೆ ದೂರು ಶುರುವಾಯಿತು. ಸೊಂಟದ ಎತ್ತರದಿಂದ ಬಿದ್ದರೆ ಸಾಕು, ಗುಡ್ಡದ ಸುತ್ತ ಬೆನ್ನಿನ ಗಾಜು ಬಿರುಕು ಬಿಡುತ್ತಿತ್ತು, ಆಮೇಲೆ ತೆಗೆದ ಫೋಟೋ ಎಲ್ಲಾ ಮಂಜು. ಶುಕ್ರವಾರ ದೊಡ್ಡವರು ಆ ಟೈಲರಮ್ಮನ ಪತ್ರ ಓದಿದರಲ್ಲ. ಗಿರಾಕಿಗಳ ಬಟ್ಟೆಯ ಕಸೂತಿಯನ್ನು ಹತ್ತಿರದಿಂದ ಫೋಟೋ ತೆಗೆದು ಇಟ್ಟುಕೊಳ್ಳುವ ಹೆಂಗಸು. ‘ಮೂಗಿಗಿಂತ ಮೂಗುತಿ ಭಾರ ಆದ್ರೆ ಹಿಂಗೇ ಆಗೋದು ಸ್ವಾಮಿ, ನೀವು ಮಾಡೋವಾಗ ಒಂದ್ಸಲ ಕೈಯಲ್ಲಿ ಹಿಡಿದು ನೋಡ್ಲಿಲ್ವಾ’ ಎಂದು ಬರೆದಿದ್ದಳು. ಯಾರೂ ನಗಲಿಲ್ಲ. ನಮ್ಮ ನೂರು ಪುಟದ ವರದಿ ಹೇಳಬೇಕಾದದ್ದನ್ನು ಅವಳು ಒಂದು ಗಾದೆಯಲ್ಲಿ ಮುಗಿಸಿದ್ದಳು. ಆ ಪತ್ರ ನನಗೆ ಈಗ ಬಾಯಿಪಾಠ.

ಆಮೇಲೆ ದೊಡ್ಡವರು ನಿನ್ನನ್ನು ಕೇಳಿದರು, ತೂಕ ಹೆಚ್ಚಾದದ್ದನ್ನು ಕವಚದ ವಿಭಾಗಕ್ಕೆ ತಿಳಿಸಿದ್ದಿರಾ ಎಂದು. ನೀನು ನನ್ನ ಕಡೆ ನೋಡಿದೆ. ಒಂದು ಕ್ಷಣ, ಅಷ್ಟೇ. ಆಮೇಲೆ ನಿನ್ನ ಉಗುರು ನೋಡಿಕೊಂಡು ‘ನೆನಪಿಲ್ಲ ಸರ್’ ಅಂದೆ. ಹಾಗಾದರೆ ಒಂಬತ್ತು ಗ್ರಾಂ ಎಂದಿದ್ದ ವರದಿಗೆ ಸಹಿ ಹೇಗೆ ಹಾಕಿದಿರಿ ಎಂದರು. ನೀನು ಮುಂದಿದ್ದ ವರದಿಯನ್ನು ಮುಚ್ಚಿಟ್ಟೆ. ನಿನಗೆ ನೆನಪಿಲ್ಲದಿರುವುದೇ? ನಿನ್ನ ಮೊದಲ ಲೆನ್ಸಿನ ತೂಕ ದಶಾಂಶದ ಮೂರನೇ ಸ್ಥಾನದವರೆಗೆ ಈಗಲೂ ಹೇಳುವವನು ನೀನು. ಹೆಂಡತಿಗೆ ಊಟದ ಹೊತ್ತಲ್ಲಿ ಹೇಳಿದ್ದೆ ಎಂದು ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು.

ನನ್ನನ್ನು ಕೇಳಿದರು. ನಿಮಗೆ ಏನಾದರೂ ಮಾಹಿತಿ ಬಂದಿತ್ತಾ ಎಂದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸುಮ್ಮನೆ ದುಪಟ್ಟಾ ಸರಿಮಾಡಿಕೊಂಡೆ. ‘ಚೀಟಿ ಬಂದಿಲ್ಲ ಸರ್’ ಎಂದೆ. ಅದು ಸುಳ್ಳಲ್ಲ. ಗುಡ್ಡ ಬಿಟ್ಟು ಅಳೆದ ದಪ್ಪದಷ್ಟೇ ನಿಜ. ಗುಮಾಸ್ತ ಅದನ್ನು ಬರೆದುಕೊಂಡ. ನೀನು ತಲೆ ಎತ್ತಲಿಲ್ಲ. ನನಗೆ ಆಗ ಎಷ್ಟು ನಾಚಿಕೆಯಾಯಿತೆಂದರೆ, ಎದ್ದು ಕೈ ತೊಳೆಯುವ ಕೋಣೆಗೆ ಹೋಗಿ ನಲ್ಲಿ ತಿರುಗಿಸಿ ನಿಂತುಬಿಟ್ಟೆ. ಎಷ್ಟು ಹೊತ್ತು ನಿಂತಿದ್ದೆ ಗೊತ್ತಿಲ್ಲ. ಯಾರೋ ಹುಡುಗಿ ಬಂದು ನೀರು ಪೋಲಾಗ್ತಿದೆ ಮೇಡಂ ಎಂದು ನಿಲ್ಲಿಸಿದಳು.

ನೀನು ನನ್ನನ್ನು ಉಳಿಸಲು ಸುಮ್ಮನಿದ್ದೆ ಎಂದು ನನಗೆ ಅರ್ಥವಾಗಿದೆ. ಇಷ್ಟು ದಿನ ನನ್ನ ಕಡೆ ತಿರುಗಿ ನೋಡದವನು ಈಗ ಯಾಕೆ ಈ ಉಪಕಾರ ಮಾಡಲು ಹೋದೆ ಎಂದು ಸಿಟ್ಟು ಬಂತು. ನಿನ್ನೆ ಇಡೀ ದಿನ ಸಿಟ್ಟಿನಲ್ಲೇ ಇದ್ದೆ. ಇವತ್ತು ಅದೂ ಇಳಿದಿದೆ. ಆಸ್ಪತ್ರೆಯ ಲೆಕ್ಕ ತೀರಿಸುತ್ತಿದ್ದೇನೆ ಎಂದು ನೀನು ಅಂದುಕೊಂಡಿದ್ದರೆ ದಯವಿಟ್ಟು ತೀರಿಸಬೇಡ. ಅದು ಹೀಗೆ ತೀರುವಂಥದ್ದಲ್ಲ. ಇಬ್ಬರಲ್ಲಿ ಒಬ್ಬರು ಕೆಲಸ ಕಳೆದುಕೊಂಡರೆ ಇನ್ನೊಬ್ಬರ ಗಾಯ ಮಾಯುತ್ತದೆಯೇ?

ದೊಡ್ಡವರಿಗೆ ಒಂದು ಕಾಗದ ಬರೆದಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಅವರ ಕೈಗೆ ಕೊಡುತ್ತೇನೆ. ನೀನು ಯಾವ ದಿನ, ಎಲ್ಲಿ ಕೂತು, ಏನು ಹೇಳಿದೆ ಎಂದು ಬರೆದಿದ್ದೇನೆ. ಡಬ್ಬಿ ಕಳಿಸಿದ್ದು ನಾನು, ವರದಿ ನನ್ನದು ಎಂದು ಬರೆದಿದ್ದೇನೆ. ಚೀಟಿಯಿಲ್ಲದೆ ನಡೆಸಿಕೊಂಡು ಬಂದ ವ್ಯವಹಾರದಲ್ಲಿ ಅವರ ಪಾಲೂ ಇದೆ ಎಂದು ಒಂದು ಸಾಲು ಸೇರಿಸಿದೆ. ಸೇರಿಸದೇ ಇರಲು ಮನಸ್ಸು ಬರಲಿಲ್ಲ. ನಿನ್ನನ್ನು ಮತ್ತೆ ಕರೆದರೆ ದೊಡ್ಡ ಮನಸ್ಸು ಮಾಡಿ ‘ನೆನಪಿಲ್ಲ’ ಎನ್ನಬೇಡ. ಹೌದು, ಹೇಳಿದ್ದೆ ಎನ್ನು. ಓದದೆ ಸಹಿ ಹಾಕಿದೆ ಎಂದೂ ಹೇಳು. ಅದಕ್ಕೆ ಬೈಯುತ್ತಾರೆ, ಬೈಸಿಕೋ, ಅಷ್ಟು ನಿನಗೆ ಸಲ್ಲಬೇಕಾದದ್ದೇ. ಕೆಲಸದಿಂದ ತೆಗೆಯುವುದಿಲ್ಲ.

ನನ್ನನ್ನು ತೆಗೆಯುತ್ತಾರೆ. ತೆಗೆಯಲಿ. ಹನ್ನೆರಡು ವರ್ಷ ಕೂದಲೆಳೆಗಾಗಿ ಹೊಡೆದಾಡಿದ್ದು ಸಾಕು. ಮನೆಗೆ ಹತ್ತಿರದಲ್ಲೇ ಊಟದ ಡಬ್ಬಿ ಮಾಡುವ ಕಾರ್ಖಾನೆಯೊಂದಿದೆ. ಅಲ್ಲಿ ಕೇಳಿ ನೋಡುತ್ತೇನೆ. ಡಬ್ಬಿಗಳಿಗೆ ಕಣ್ಣಿರುವುದಿಲ್ಲ, ಎಷ್ಟು ದಪ್ಪವಿದ್ದರೂ ಯಾರೂ ಕೇಳುವುದಿಲ್ಲ.

ಇದನ್ನು ಓದಿ ವಾಪಸ್ಸು ಬಾ ಎಂದು ನಾನು ಕರೆಯುತ್ತಿಲ್ಲ. ಬರಬೇಡ ಎಂದೂ ಅಲ್ಲ. ಆ ಮಾತು ಆಡಲು ನನ್ನಲ್ಲಿ ಈಗ ತ್ರಾಣವಿಲ್ಲ. ಸ್ವೆಟರಿನ ಮೊಣಕೈ ಹರಿದಿತ್ತು, ಹೊಲಿದಿದ್ದೇನೆ. ದಾರದ ಬಣ್ಣ ಸ್ವಲ್ಪ ಬೇರೆ, ಹತ್ತಿರ ಬಂದು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣು. ಅಕ್ಕನ ಮನೆಯಲ್ಲಿದ್ದುಕೊಂಡು ಇಷ್ಟು ಸೊರಗಿದರೆ ಅವರಿಗೆ ಕೆಟ್ಟ ಹೆಸರು.

ಇಂತಿ,
ನೀನು ಹೆಸರಿಟ್ಟ
ಮಿಲಿಮೀಟರಮ್ಮ

ಮರೆತ ಮಾತು: ಮರೆತ ಮಾತಲ್ಲ, ಬರೆಯಲಾಗದೆ ಬಿಟ್ಟದ್ದು. ನಿಮ್ಮಕ್ಕ ಬಂದು ಹೊರಗಿನ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದಾರೆ, ಬೇಗ ಬರೆದು ಮುಗಿಸುತ್ತೇನೆ. ಹಳೇ ಡಬ್ಬಿ ಕಳಿಸಿದ್ದು ಮರೆತು ಅಲ್ಲ. ಐದು ಗ್ರಾಂ ನನಗೆ ಪ್ರತಿ ದಿನವೂ ನೆನಪಿತ್ತು. ದೊಡ್ಡವರಿಗೆ ಬರೆದ ಕಾಗದದಲ್ಲಿ ಗೊತ್ತಿದ್ದೇ ಮಾಡಿದೆ ಎಂದು ನಿಜವನ್ನೇ ಬರೆದಿದ್ದೇನೆ. ಯಾಕೆ ಮಾಡಿದೆ ಎಂದು ಅವರಿಗೆ ಬರೆದಿಲ್ಲ, ಅದು ನಿನಗೆ ಮಾತ್ರ. ಆ ವರದಿಯ ಮೊದಲ ಪುಟದ ಮೊದಲ ಸಾಲಿನಲ್ಲೇ ‘ಒಂಬತ್ತು ಗ್ರಾಂ’ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದೆ. ಒಂದು ಸಲ ಕಣ್ಣು ಹಾಯಿಸಿದ್ದರೆ ನೀನು ಮೆಟ್ಟಿಲು ಹಾರಿಕೊಂಡು ಬಂದು, ಇದೇನಿದು, ನಿನಗೆ ತಲೆ ಕೆಟ್ಟಿದೆಯಾ ಎಂದು ಕೂಗಾಡುತ್ತಿದ್ದೆ. ನಾನು ಅಲ್ಲಿಗೇ ಆ ಪರೀಕ್ಷೆ ರದ್ದು ಮಾಡಿ ಹೊಸದಾಗಿ ಬೀಳಿಸಿ ನೋಡುತ್ತಿದ್ದೆ. ನೀನು ಬರದಿದ್ದರೂ ರದ್ದು ಮಾಡಬೇಕಿತ್ತು. ಮಾಡಲಿಲ್ಲ. ನಮ್ಮಿಬ್ಬರ ಮನೆಯ ಮಾತಿಗೆ ಎಷ್ಟೋ ಜನರ ಫೋನು ಒಡೆಯಿತು, ಆ ಪಾಪ ನನ್ನದು. ಅವತ್ತು ಬೆಳಿಗ್ಗೆ ಹನ್ನೊಂದಕ್ಕೆ ವರದಿ ಕಳಿಸಿ, ಊಟಕ್ಕೂ ಏಳದೆ, ನೀನು ಬರುವ ಬಾಗಿಲು ನೋಡಿಕೊಂಡು ಕೂತಿದ್ದೆ. ಐದು ಗಂಟೆಗೆ ಜವಾನ ಅದನ್ನು ವಾಪಸ್ಸು ತಂದುಕೊಟ್ಟ. ನನ್ನ ಸಹಿಯ ಕೆಳಗೆ ನಿನ್ನ ಸಹಿ ಇತ್ತು.